ಬಾಯಿ ಮಕ್ಕಳದು, ಮಾತು ಯಾರದು?

ಶಾಲೆಯ ವಾರ್ಷಿಕೋತ್ಸವ. ಸ್ವಾಗತ, ವರದಿ ವಾಚನ, ಬಹುಮಾನ ವಿತರಣೆ, ಗಣ್ಯರ ಹಿತವಚನ ಎಲ್ಲ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಪುಟಾಣಿಗಳು ತೂಕಡಿಸುತ್ತಿರುತ್ತಾರೆ. ಸಿನಿಮಾ ಹಾಡಿಗೆ ಒಂದೆರಡು ಕುಣಿತ ಆಗುತ್ತವೆ. ಆಮೇಲೆ ಐದನೇ ತರಗತಿಯ ಹುಡುಗನೊಬ್ಬ ಅಪ್ಪನ ಪಂಚೆ ಸುತ್ತಿ, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು, ಹೆಗಲಿಗೆ ಟವೆಲು ಹಾಕಿ ಬಂದು 'ಏನ್ಲಾ ಅದು?' ಎಂದು ಗದರಿದ್ದೇ ತಡ, ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ಇದೇನೂ ಹೊಸ ನೋಟವಲ್ಲ. ಹತ್ತು ನಿಮಿಷದ ಇಂಥ ಆಟಕ್ಕೆ ಮೇಷ್ಟ್ರುಗಳು 'ಪ್ರಹಸನ', 'ನಗೆನಾಟಕ' ಎನ್ನುತ್ತಿದ್ದರು. ಈಗ ಮಕ್ಕಳ ಬಾಯಲ್ಲಿ ಅದು 'ಸ್ಕಿಟ್'. ಈ ಹೊಸ ಹೆಸರು ಹಳ್ಳಿಯವರೆಗೆ ಬಂದದ್ದರಲ್ಲಿ ಟಿ.ವಿ.ಯ ಪಾಲು ದೊಡ್ಡದು. ಅದರಲ್ಲೂ 2016ರಲ್ಲಿ ಜೀ ಕನ್ನಡ ವಾಹಿನಿ ಆರಂಭಿಸಿದ 'ಡ್ರಾಮಾ ಜೂನಿಯರ್ಸ್' ಎಂಬ ಕಾರ್ಯಕ್ರಮವನ್ನು ಇಲ್ಲಿ ನೆನೆಯಲೇಬೇಕು. ವಾರದ ಕೊನೆಯ ರಾತ್ರಿ ಮಕ್ಕಳು, ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲರೂ ಒಟ್ಟಿಗೆ ಕುಳಿತು ಚಿಕ್ಕವರ ಅಭಿನಯ ನೋಡಿ ನಕ್ಕ, ಒಮ್ಮೊಮ್ಮೆ ಕಣ್ಣೊರೆಸಿಕೊಂಡ ಕಾರ್ಯಕ್ರಮವದು.

ಆ ಬಳಿಕ ಅದರ ಹಲವು ಸೀಸನ್‌ಗಳು ಬಂದಿವೆ. ಅಂದು ಮೀಸೆ ಅಂಟಿಸಿಕೊಂಡು ಕ್ಯಾಮೆರಾ ಮುಂದೆ ನಿಂತ ಮೊದಲ ತಂಡದ ಮಕ್ಕಳು ಇಂದು ಹರೆಯಕ್ಕೆ ಕಾಲಿಟ್ಟಿದ್ದಾರೆ. ಅದು ಬಿಟ್ಟುಹೋದದ್ದೇನು, ನಮ್ಮ ಶಾಲೆಗಳು ಅದರಿಂದ ಪಡೆಯಬೇಕಾದ್ದೇನು, ದೂರವಿಡಬೇಕಾದ್ದೇನು ಎಂದು ಯೋಚಿಸಲು ಇದು ತಕ್ಕ ಕಾಲ.

ಬಾಲನಟರೇ ನಿರೂಪಕ, ತೀರ್ಪುಗಾರ

ಮಕ್ಕಳ ಅಭಿನಯದ ಸ್ಪರ್ಧೆಯ ಈ ಮಾದರಿ ಮೊದಲು ಬಂದದ್ದು ಹಿಂದಿಯಲ್ಲಿ. 2013ರಲ್ಲಿ ಜೀ ಟಿ.ವಿ. 'ಇಂಡಿಯಾಸ್ ಬೆಸ್ಟ್ ಡ್ರಾಮೇಬಾಜ್' ಆರಂಭಿಸಿತ್ತು. ಕನ್ನಡ, ತಮಿಳು, ತೆಲುಗು ರೂಪಗಳು ನಂತರದವು. ಆದರೆ ಕನ್ನಡದ ಕಾರ್ಯಕ್ರಮಕ್ಕೆ ಇಲ್ಲಿನದೇ ಒಂದು ಸೊಗಸು ಸೇರಿಕೊಂಡಿತು.

ನಿರೂಪಕರಾಗಿದ್ದ ಮಾಸ್ಟರ್ ಆನಂದ್ ಸ್ವತಃ ಬಾಲನಟ. 1991ರ 'ಗೌರಿ ಗಣೇಶ' ಚಿತ್ರದಲ್ಲಿ ಅನಂತನಾಗ್ ಎದುರು ಆ ಪೋರ ಹೇಳಿದ ಮಾತುಗಳಿಗೆ ನಗದವರಿಲ್ಲ. ತೀರ್ಪುಗಾರರಲ್ಲಿ ಒಬ್ಬರಾದ ವಿಜಯ್ ರಾಘವೇಂದ್ರ 1993ರ 'ಚಿನ್ನಾರಿ ಮುತ್ತ'ದ ಮುತ್ತ. 'ಕೊಟ್ರೇಶಿ ಕನಸು' ಚಿತ್ರದ ಅಭಿನಯಕ್ಕೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದವರು. ಜೊತೆಗೆ 'ಮಾಯಾಮೃಗ'ದ ಟಿ.ಎನ್. ಸೀತಾರಾಂ, ಹಿರಿಯ ನಟಿ ಲಕ್ಷ್ಮಿ. ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದ ಇಬ್ಬರು ದೊಡ್ಡವರಾಗಿ ಹೊಸ ಮಕ್ಕಳ ಬೆನ್ನು ತಟ್ಟಿದ್ದು ನೋಡುಗರಿಗೆ ಹಿಡಿಸಿತು.

ಪುರಾಣದ ದುರ್ಯೋಧನನಿಂದ ಹಿಡಿದು ಬೀದಿ ಬದಿಯ ವ್ಯಾಪಾರಿಯವರೆಗೆ ಎಲ್ಲ ಪಾತ್ರಗಳೂ ಅಲ್ಲಿ ಬಂದವು. ಉದ್ದುದ್ದ ಸಂಭಾಷಣೆಯನ್ನು ಮಕ್ಕಳು ಪಟಪಟನೆ ಒಪ್ಪಿಸಿದರು. ಕನ್ನಡ ಮಾತಿಗೆ ಅದರದೇ ಲಯ, ಏರಿಳಿತ ಇದೆ ಎಂಬುದು ಇಂಗ್ಲಿಷ್ ಶಾಲೆಯ ಮಕ್ಕಳ ಕಿವಿಗೂ ಬಿತ್ತು. ಅದೇ ವರ್ಷ ಅದೇ ವಾಹಿನಿಯಲ್ಲಿ ದೊಡ್ಡವರಿಗಾಗಿ 'ಕಾಮಿಡಿ ಕಿಲಾಡಿಗಳು' ಬಂತು. ಹೀಗೆ ಶಾಲಾ ವೇದಿಕೆಯಲ್ಲಿ ಕುಣಿತಗಳ ನಡುವೆ ಸಿಕ್ಕಿ ಬಡವಾಗಿದ್ದ ಕಿರುಪ್ರಹಸನಕ್ಕೆ ಮತ್ತೆ ಮರ್ಯಾದೆ ಬಂತು.

ಒಂದು ತೊಡಕು, ಒಂದು ತಿರುವು

ಸ್ಕಿಟ್ ಎಂಬುದು ಮೂರು ಗಂಟೆಯ ನಾಟಕದ ಚೂರಲ್ಲ. ಅದರ ಕಟ್ಟಡವೇ ಬೇರೆ. ಒಂದು ಜಾಗ, ಇಬ್ಬರೋ ಮೂವರೋ ಜನ, ಅವರಲ್ಲಿ ಒಬ್ಬನಿಗೆ ಬೇಕಾದ ಏನೋ ಒಂದು, ಅದು ಸಿಗದಂತೆ ಮಾಡುವ ಒಂದು ತೊಡಕು. ತೊಡಕು ಬಿಗಿಯಾಗುತ್ತಾ ಹೋಗಿ, ಯಾರೂ ಎಣಿಸದ ಕಡೆಯಿಂದ ಬಿಚ್ಚಿಕೊಂಡರೆ ನಗು. ಅಲ್ಲಿಗೆ ಪರದೆ. ಇಷ್ಟೇ ಆದ್ದರಿಂದ ಮಕ್ಕಳಿಗೆ ಅದು ಎಟುಕುತ್ತದೆ. ದೊಡ್ಡ ರಂಗಸಜ್ಜಿಕೆ ಬೇಡ. ಒಂದು ಬೆಂಚು, ಒಂದು ಬಕೆಟ್ಟು ಸಾಕು.

ಹೊರದೇಶಗಳಲ್ಲಿ ಈ ಕಿರುಪ್ರಹಸನವನ್ನು ಪಾಠ ಹೇಳಲೂ ಬಳಸಿದ್ದಾರೆ. 1969ರಲ್ಲಿ 'ಸೆಸಮೆ ಸ್ಟ್ರೀಟ್' ಆರಂಭಿಸಿದ ಅಮೆರಿಕದ ಸಂಸ್ಥೆಯೇ 1971ರ ಅಕ್ಟೋಬರ್‌ನಲ್ಲಿ 'ದಿ ಎಲೆಕ್ಟ್ರಿಕ್ ಕಂಪನಿ' ಎಂಬ ಇನ್ನೊಂದು ಕಾರ್ಯಕ್ರಮ ತಂದಿತು. ಓದುವುದರಲ್ಲಿ ಹಿಂದೆ ಬಿದ್ದ 7ರಿಂದ 10 ವರ್ಷದ ಮಕ್ಕಳೇ ಅದರ ನೋಡುಗರು. ತರಗತಿಯಲ್ಲಿ ಪುಸ್ತಕ ಕಂಡರೆ ಹೆದರುವ ಮಗು ನಗುವಾಗ ಹೆದರುವುದಿಲ್ಲವಲ್ಲ, ಅದನ್ನೇ ಅವರು ಹಿಡಿದುಕೊಂಡರು. 1977ರವರೆಗೆ 780 ಕಂತುಗಳು ತಯಾರಾದವು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹುಚ್ಚಿನವನೊಬ್ಬನ ಪಾತ್ರ ಅದರಲ್ಲಿತ್ತು. ಆ ಪಾತ್ರ ಮಾಡಿದ ಮಾರ್ಗನ್ ಫ್ರೀಮನ್ ಮುಂದೆ ಆಸ್ಕರ್ ಪ್ರಶಸ್ತಿ ಗೆದ್ದರು. ಎರಡು ಮುಖಗಳ ನೆರಳು ಎದುರುಬದುರು ನಿಂತು, ಒಂದು ಅರ್ಧ ಪದ ಹೇಳಿದರೆ ಇನ್ನೊಂದು ಉಳಿದರ್ಧ ಸೇರಿಸುವ ಆಟವಂತೂ ಬಹಳ ಹೆಸರಾಯಿತು. ಕನ್ನಡದ ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕೇ? ಒಬ್ಬಳು 'ಕ' ಎನ್ನಲಿ, ಇನ್ನೊಬ್ಬಳು 'ತ್ತೆ' ಎನ್ನಲಿ. ಹಿಂದಿನಿಂದ ಕತ್ತೆಯೇ ಅರಚಲಿ!

ಟಿ.ವಿ.ಯನ್ನು ಕಲಿಕೆಗೆ ಬಳಸುವ ಪ್ರಯತ್ನ ಕನ್ನಡಕ್ಕೂ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಹೋಯಿತು. ಕರ್ನಾಟಕದ ಪಾಲಿಗೆ ಸಿಕ್ಕವು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ ಇರುತ್ತಿತ್ತು. ಆ ಪ್ರಯೋಗ ಒಂದೇ ವರ್ಷಕ್ಕೆ ಮುಗಿಯಿತು.

ಮೈಸೂರು ಸೀಮೆಯ ನಗೆಯ ಬೇರು

ಟಿ.ವಿ. ಬರುವ ಮೊದಲೂ ನಮ್ಮ ಸೀಮೆಯಲ್ಲಿ ನಗೆಗೆ ಬರವಿರಲಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು 'ಕುರುಕ್ಷೇತ್ರ' ಕಲಿಸುವಾಗಲೂ ನಡುವೆ ನಗಿಸುವ ಪಾತ್ರಕ್ಕೊಂದು ಜಾಗ ಇರುತ್ತಿತ್ತು. ವೃತ್ತಿ ರಂಗಭೂಮಿಯಿಂದ ಸಿನಿಮಾಕ್ಕೆ ಹೋಗಿ 'ಸತ್ಯ ಹರಿಶ್ಚಂದ್ರ'ದಂಥ ಚಿತ್ರ ಕೊಟ್ಟ ಹುಣಸೂರು ಕೃಷ್ಣಮೂರ್ತಿ ತಮ್ಮ ಊರನ್ನು ಹೆಸರಿನಲ್ಲೇ ಹೊತ್ತು ನಡೆದವರು.

ಮೈಸೂರಿನಲ್ಲಿ ಹುಟ್ಟಿದ ಟಿ.ಪಿ. ಕೈಲಾಸಂ ಅವರನ್ನಂತೂ 'ಪ್ರಹಸನ ಪ್ರಪಿತಾಮಹ' ಎಂದೇ ಕರೆಯುತ್ತಾರೆ. ಗ್ರಂಥದ ಭಾಷೆ ಬಿಟ್ಟು ಮನೆಯೊಳಗಿನ ಮಾತನ್ನೇ ಅವರು ರಂಗಕ್ಕೆ ತಂದರು. ಅವರ 'ಟೊಳ್ಳುಗಟ್ಟಿ' ನಾಟಕದ ವಸ್ತು ಇಂದಿನ ಪಾಲಕರಿಗೆ ಹೇಳಿ ಮಾಡಿಸಿದಂತಿದೆ. ಸದಾ ಓದಿನಲ್ಲಿ ಮುಳುಗಿ ಪರೀಕ್ಷೆ ಗೆಲ್ಲುವ ಮಗನೊಬ್ಬ, ಓದಿನಲ್ಲಿ ಹಿಂದುಳಿದು ಬೈಗುಳ ತಿನ್ನುವ ಮಗನೊಬ್ಬ. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ನಗಿಸುತ್ತಾ ನಗಿಸುತ್ತಾ ಅಪ್ಪಂದಿರ ಮಾರ್ಕಿನ ಹಂಬಲಕ್ಕೆ ಕೈಲಾಸಂ ಕೊಟ್ಟ ಪೆಟ್ಟು ಅದು.

ಬಿ.ವಿ. ಕಾರಂತರ ಕಥೆಯೂ ಇದೇ ದಾರಿಯದು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ ಪಾತ್ರ ಮಾಡಿದವರು 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಆಧರಿಸಿ ಅವರು ಮಕ್ಕಳಿಗೆ ಕೊಟ್ಟ ನಾಟಕ 'ಪಂಜರ ಶಾಲೆ'. ಗಿಳಿಗೆ ವಿದ್ಯೆ ಕಲಿಸುತ್ತೇವೆಂದು ಹೊರಟ ಪಂಡಿತರು ಅದರ ಬಾಯಿಗೆ ಪುಸ್ತಕದ ಹಾಳೆ ತುರುಕುವ ಕಥೆ ಅದು. ರಂಗಾಯಣದಲ್ಲಿ ಬೇಸಿಗೆ ರಜೆಯ 'ಚಿನ್ನರ ಮೇಳ' ಇಂದು ಮೈಸೂರಿನ ಮಕ್ಕಳಿಗೆ ಚಿರಪರಿಚಿತ.

ಕೈಲಾಸಂ, ಕಾರಂತ ಇಬ್ಬರಲ್ಲೂ ಒಂದು ಮಾತು ಸಮಾನ. ನಗೆ ತಿರುಗುವುದು ದೊಡ್ಡವರ ಕಡೆಗೆ. ಮಗು ನಗೆಯ ಗುರಿಯಲ್ಲ.

ಮಗು ಮಗುವಾಗಿಯೇ ಇದ್ದ 'ಮಾಲ್ಗುಡಿ'

ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 'ಮಾಲ್ಗುಡಿ ಡೇಸ್' ಮಾಡಿದ್ದು, 1986ರಲ್ಲಿ ಅದು ದೂರದರ್ಶನದಲ್ಲಿ ಬರತೊಡಗಿದ್ದು ಇಂದಿನ ಪಾಲಕರಲ್ಲಿ ಬಹಳ ಮಂದಿಗೆ ನೆನಪಿದ್ದೀತು. ಅದು ಸ್ಕಿಟ್‌ಗಳ ಕಾರ್ಯಕ್ರಮವಲ್ಲ, ಕಥಾ ಧಾರಾವಾಹಿ. ಆದರೂ ಮಕ್ಕಳು ಕ್ಯಾಮೆರಾ ಮುಂದೆ ಹೇಗಿರಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್. ಈ ಹುಡುಗ ಮೀಸೆ ಬರೆದುಕೊಳ್ಳುವುದಿಲ್ಲ, ಹೆಂಡತಿಯ ಮೇಲೆ ರೇಗುವ ಗಂಡನಾಗುವುದಿಲ್ಲ. ಶಾಲೆಗೆ ಚಕ್ಕರ್ ಹಾಕಲು ದಾರಿ ಹುಡುಕುತ್ತಾನೆ, ಕ್ರಿಕೆಟ್ ಎಂದರೆ ಪ್ರಾಣ ಬಿಡುತ್ತಾನೆ, ಅಪ್ಪನ ಹೆಜ್ಜೆ ಸಪ್ಪಳಕ್ಕೆ ಬೆಚ್ಚುತ್ತಾನೆ. 1935ರಲ್ಲಿ ಪ್ರಕಟವಾದ ಮೂಲ ಕಾದಂಬರಿಯಲ್ಲಿ ಅವನು ಪರೀಕ್ಷೆಗೆ ಬೇಕಾದ ಕಾಗದ, ನಿಬ್ಬು, ಶಾಯಿಯ ಪಟ್ಟಿ ತಯಾರಿಸಿ ಅಪ್ಪನ ಮುಂದೆ ಗಂಭೀರವಾಗಿ ನಿಲ್ಲುವ ಸಂದರ್ಭವಂತೂ ಒಂದು ಪೂರ್ಣ ಪ್ರಹಸನ. ನಗು ಬರುವುದು ಸ್ವಾಮಿ ನಗಿಸಲು ಹೊರಟಿದ್ದಕ್ಕಲ್ಲ. ಅವನ ಮಟ್ಟಿಗೆ ಅದೊಂದು ಜೀವನ್ಮರಣದ ಪ್ರಶ್ನೆ ಆಗಿರುವುದಕ್ಕೆ.

ಚಿಕ್ಕ ಬಾಯಲ್ಲಿ ದೊಡ್ಡವರ ಮಾತು

ಸ್ಪರ್ಧೆಯ ಕಾರ್ಯಕ್ರಮಗಳ ಮೇಲೆ ಆಕ್ಷೇಪ ಏಳುವುದು ಇಲ್ಲಿಯೇ. ಎಂಟು ವರ್ಷದ ಹುಡುಗ ಕುಡುಕನಾಗಿ ತೂರಾಡಿದರೆ ಸಭೆ ನಗುತ್ತದೆ. ಆದರೆ ಅವನು ಕುಡಿತದ ಬಗ್ಗೆ ಏನನ್ನೂ ಹೇಳುತ್ತಿರುವುದಿಲ್ಲ. ದೊಡ್ಡವರು ಬರೆದುಕೊಟ್ಟದ್ದನ್ನು ಒಪ್ಪಿಸುತ್ತಿರುತ್ತಾನೆ. ಮನೆಯಲ್ಲಿ ನಿಜವಾಗಿಯೂ ಅಂಥ ಅಪ್ಪನಿರುವ ಮಗು ಮುಂದಿನ ಸಾಲಿನಲ್ಲೇ ಕುಳಿತಿರಬಹುದು. ಹುಡುಗನಿಗೆ ಸೀರೆ ಉಡಿಸಿದರೆ ನಗು, ದಪ್ಪಗಿದ್ದವಳನ್ನು ಆಡಿಕೊಂಡರೆ ನಗು, ಕಪ್ಪು ಬಣ್ಣಕ್ಕೆ ನಗು, ಉಗ್ಗುವವನನ್ನು ಅಣಕಿಸಿದರೆ ನಗು. ಇವೆಲ್ಲ ಬೇಗ ಸಿಗುವ ನಗೆಗಳು. ಅದರ ಬೆಲೆ ತೆರುವುದು ಮಾತ್ರ ಯಾವುದೋ ಒಂದು ಮಗು.

2019ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯವು ನೃತ್ಯದ ರಿಯಾಲಿಟಿ ಷೋಗಳಲ್ಲಿ ಮಕ್ಕಳ ವಯಸ್ಸಿಗೆ ಒಪ್ಪದ ಹಾವಭಾವಗಳನ್ನು ತೋರಿಸಬಾರದೆಂದು ಖಾಸಗಿ ವಾಹಿನಿಗಳಿಗೆ ಸೂಚಿಸಿತು. 2022ರ ಜನವರಿಯಲ್ಲಿ ಇನ್ನೊಂದು ಬಗೆಯ ಗದ್ದಲ ನಡೆಯಿತು. ತಮಿಳಿನ 'ಜೂನಿಯರ್ ಸೂಪರ್ ಸ್ಟಾರ್ಸ್' ಕಾರ್ಯಕ್ರಮದಲ್ಲಿ ಇಬ್ಬರು ಮಕ್ಕಳು ರಾಜ ಮತ್ತು ಮಂತ್ರಿಯಾಗಿ ಅಭಿನಯಿಸಿದ ಪ್ರಹಸನ ಪ್ರಧಾನಿಯವರನ್ನು ಹಾಸ್ಯ ಮಾಡುವಂತಿದೆ ಎಂದು ದೂರು ಹೋಗಿ, ಸಚಿವಾಲಯ ವಾಹಿನಿಯಿಂದ ವಿವರಣೆ ಕೇಳಿತು. ರಾಜನನ್ನು ನಗೆಗೆ ಗುರಿಮಾಡುವುದು ಪ್ರಹಸನದ ಹಳೆಯ ಹಕ್ಕು ಎಂದು ಒಬ್ಬರು, ಮಕ್ಕಳಿಂದ ಹಾಗೆ ಹೇಳಿಸಿದ್ದು ತಪ್ಪು ಎಂದು ಮತ್ತೊಬ್ಬರು ವಾದಿಸಬಹುದು. ಯಾರ ವಾದ ಸರಿಯಾದರೂ, ಆ ಎರಡು ಮಕ್ಕಳ ಬಾಯಲ್ಲಿದ್ದ ಮಾತು ಅವರದಾಗಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ.

ಪಾಲಕರು ತಿಳಿದಿರಬೇಕಾದ ನಿಯಮ

ಮಗನನ್ನೋ ಮಗಳನ್ನೋ ಆಡಿಷನ್ನಿಗೆ ಕರೆದೊಯ್ಯುವ ಆಸೆ ತಪ್ಪಲ್ಲ. ಆದರೆ ಹೋಗುವ ಮುನ್ನ ಕಾನೂನು ಗೊತ್ತಿರಲಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳು ಟಿ.ವಿ., ಸಿನಿಮಾಗಳಲ್ಲಿ ಕಲಾವಿದರಾಗಲು ಅವಕಾಶ ಕೊಟ್ಟಿದೆ. 2017ರ ನಿಯಮಗಳು ಅದಕ್ಕೆ ಕಟ್ಟುಪಾಡು ಹಾಕಿವೆ:

ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ.

ಸತತವಾಗಿ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಓದು ನಿಲ್ಲದಂತೆ ವ್ಯವಸ್ಥೆ ಇರಬೇಕು.

ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆದಿರಬೇಕು.

ಪ್ರತಿ ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು.

ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ವಯಸ್ಕರಾದಾಗ ಅದು ಅವರಿಗೆ ಸೇರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಇಚ್ಛೆಗೆ ವಿರುದ್ಧವಾಗಿ ಯಾವ ಕೆಲಸವನ್ನೂ ಮಾಡಿಸುವಂತಿಲ್ಲ.

ಕೊನೆಯ ಈ ನಿಯಮವನ್ನು ಪಾಲಿಸಬೇಕಾದವರು ನಿರ್ಮಾಪಕರಷ್ಟೇ ಅಲ್ಲ. ಮನೆಯಲ್ಲಿ ನೆಂಟರು ಬಂದಾಗಲೆಲ್ಲ 'ಆ ಡೈಲಾಗ್ ಹೇಳು ಪುಟ್ಟ' ಎಂದು ಒತ್ತಾಯಿಸುವವರಿಗೂ ಅದು ಅನ್ವಯಿಸುತ್ತದೆ. ಸ್ಪರ್ಧೆಯೆಂದ ಮೇಲೆ ವಾರವಾರ ಕೆಲವರು ಹೊರಹೋಗಲೇಬೇಕು. ಅಳುವ ಮುಖದ ಹತ್ತಿರಕ್ಕೆ ಕ್ಯಾಮೆರಾ ಬಂದಾಗ ಜೊತೆಗೆ ನಿಂತು 'ನಡಿ ಮಗ, ಹಸಿವಾಗಿರಬೇಕು, ಊಟ ಮಾಡೋಣ' ಎನ್ನಬಲ್ಲ ಅಪ್ಪ ಅಮ್ಮಂದಿರಾದರೆ ಮಾತ್ರ ಹೊರಡಿ.

ನಿಮ್ಮೂರೇ ನಿಮ್ಮ ಸ್ಕಿಟ್

ವಿದ್ಯಾರ್ಥಿಗಳೇ, ಟಿ.ವಿ.ಯಲ್ಲಿ ಆಡಿದ್ದನ್ನೇ ಶಾಲೆಯಲ್ಲಿ ಮತ್ತೆ ಆಡಿದರೆ ಅದು ನಕಲು. ಕ್ಯಾಮೆರಾ ಬಾರದ ಜಾಗಗಳು ನಿಮ್ಮ ಸುತ್ತಲೇ ಇವೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗೆ ರಾತ್ರಿಯೆಲ್ಲ ಬೆಂಕಿ ಕಾಯಬೇಕು. ಒಳಗಿನ ಶಾಖ ನೋಡಿ ಹೇಳಲು ಅಪ್ಪ ಮಗನನ್ನು ಕೂರಿಸಿದ್ದಾನೆ. ಮಗನಿಗೆ ಬೆಳಿಗ್ಗೆ ಮಗ್ಗಿ ಒಪ್ಪಿಸಬೇಕು. 'ಎಷ್ಟೈತ್ಲಾ?' ಎಂದು ಹೊರಗಿನಿಂದ ಅಪ್ಪ ಕೂಗುತ್ತಾನೆ. ಒಳಗೆ ಮಗ ಕಣ್ಣು ಮುಚ್ಚಿಕೊಂಡು 'ಹದಿನಾರೇಳ್ಲಿ ನೂರಹನ್ನೆರಡು' ಎನ್ನುತ್ತಾನೆ. 'ನೂರಹನ್ನೆರಡಾ? ಹಂಗಾದ್ರೆ ಇನ್ನೆರಡು ಸೌದೆ ತುಂಬು' ಎನ್ನುತ್ತಾನೆ ಅಪ್ಪ. ಮಗ್ಗಿ ಏರಿದಂತೆಲ್ಲ ಬೆಂಕಿ ಏರುತ್ತದೆ. ಮುಂದಿನದನ್ನು ನೀವೇ ಬರೆಯಿರಿ. ನಗುವಿನ ಅಡಿಯಲ್ಲಿ ಒಂದು ನಿಜವೂ ಕೂತಿದೆ: ಓದೂ ಬೇಕು, ಮನೆಗೆಲಸವೂ ತಪ್ಪದು ಎಂಬ ನಿಮ್ಮದೇ ಕಷ್ಟ.

ಕೆ.ಆರ್. ನಗರದವರಿಗೆ ಚುಂಚನಕಟ್ಟೆ ಜಾತ್ರೆಯ ದನದ ವ್ಯಾಪಾರ ಗೊತ್ತು. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವಾಗ ಒಬ್ಬನಿಗೆ ಕಚಗುಳಿಯಾದರೆ ಎತ್ತಿನ ಬೆಲೆ ಎಷ್ಟಕ್ಕೆ ಹೋದೀತು? ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆ ಕಾಯಲು ಅಟ್ಟಣೆ ಹತ್ತಿ ಕುಳಿತ ತಾತ ಮೊಮ್ಮಗಳಲ್ಲಿ ನಿದ್ದೆ ಹೋಗುವವರು ಯಾರು, ಎಬ್ಬಿಸುವವರು ಯಾರು? ಹಾಡಿಯಿಂದ ಬರುವ ಜೇನುಕುರುಬರ ಮಗು ತನ್ನ ನುಡಿಯಲ್ಲೇ ಒಂದು ಪಾತ್ರ ಮಾಡಲಿ. ಅರ್ಥವಾಗದೆ ಪೇಚಾಡುವವನು ಪಟ್ಟಣದಿಂದ ಬಂದ ಸಾಹೇಬನಾಗಿರಲಿ. ಬೈಲಕುಪ್ಪೆಯ ಟಿಬೆಟನ್ ಅಂಗಡಿಯವರ ಕನ್ನಡವನ್ನು ಅಣಕಿಸುವ ಬದಲು, ಅವರ ಭಾಷೆಯ ಒಂದು ಪದವೂ ಬಾರದೆ ನಾವು ಕೈಸನ್ನೆ ಮಾಡುವುದು ಹೆಚ್ಚು ನಗೆ ತರಬಹುದು.

ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಯಾರನ್ನು ಕುರಿತು ನಗುತ್ತಿದ್ದೀರೋ ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿದರೆ ಅವರೂ ನಗಬಲ್ಲರೇ? ನಗಬಲ್ಲರಾದರೆ ಆಡಿ, ಇಲ್ಲವಾದರೆ ತಿದ್ದಿ.

ಇದಕ್ಕೆ ವೇದಿಕೆ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ವಾರ್ಷಿಕೋತ್ಸವ ಇದೆ, ಮಕ್ಕಳ ದಿನಾಚರಣೆ ಇದೆ. ಮಿಮಿಕ್ರಿ, ಛದ್ಮವೇಷ, ಕಥೆ ಹೇಳುವ ಸ್ಪರ್ಧೆಗಳಿರುವ 'ಪ್ರತಿಭಾ ಕಾರಂಜಿ' ಕ್ಲಸ್ಟರ್ ಮಟ್ಟದಿಂದಲೇ ಆರಂಭವಾಗುತ್ತದೆ. ಮೇಷ್ಟ್ರು, ಮೇಡಂಗಳು ಮಾಡಬೇಕಾದ್ದು ಒಂದೇ: ಸಂಭಾಷಣೆ ಬರೆದುಕೊಡುವ ಮೊದಲು ಮಕ್ಕಳನ್ನು ಸುತ್ತ ಕೂರಿಸಿಕೊಂಡು 'ಈ ವಾರ ನಿಮಗೆ ಸಿಟ್ಟು ಬಂದದ್ದು ಯಾವಾಗ, ನಗು ಬಂದದ್ದು ಯಾವಾಗ?' ಎಂದು ಕೇಳುವುದು. ಉತ್ತರಗಳಲ್ಲೇ ನಾಲ್ಕು ಸ್ಕಿಟ್‌ಗಳಿರುತ್ತವೆ.

ಮಕ್ಕಳಿಗೆ ಅಭಿನಯ ಬರುತ್ತದೆ ಎಂಬುದನ್ನು ಟಿ.ವಿ. ಹತ್ತು ವರ್ಷಗಳಿಂದ ತೋರಿಸಿದೆ. ಅವರಿಗೆ ಹೇಳಲು ಸ್ವಂತ ಮಾತೂ ಇದೆ ಎಂಬುದನ್ನು ತೋರಿಸುವ ಕೆಲಸ ಶಾಲೆಗೆ, ಮನೆಗೆ ಬಿಟ್ಟದ್ದು. ಆ ಮಾತು ಮೊದಮೊದಲು ತೊದಲಬಹುದು, ನಡುವೆ ಮರೆತೂ ಹೋಗಬಹುದು. ಆಗ ಪರದೆಯ ಹಿಂದಿನಿಂದ ಹೇಳಿಕೊಡುವ ಆತುರ ಬೇಡ. ಒಂದು ಗಳಿಗೆ ಸುಮ್ಮನಿದ್ದರೆ ಮಗುವೇ ಒಂದು ಮಾತು ಕಟ್ಟಿ ಆಡೀತು. ಬಹುಶಃ ಬರೆದದ್ದಕ್ಕಿಂತ ಚೆನ್ನಾಗಿಯೇ.